ನಡು ತುಂಡು

ಮಲ್ಪೆಯ ದಕ್ಕೆಯಲ್ಲಿ ಲೆಕ್ಕ ಬರೆಯುತ್ತಿದ್ದವಳು ನಾನು,
ಎಂಟು ತಿಂಗಳು ತುಂಬುವವರೆಗೂ.
ಬೋಟು ಹೊರಡುವ ಮುನ್ನ ಇಷ್ಟು ಲೀಟರು ಡೀಸೆಲ್,
ಇಷ್ಟು ಮಂಜುಗಡ್ಡೆ, ಅಕ್ಕಿ, ಬೀಡಿ, ತೆಂಗಿನಕಾಯಿ.
ಹತ್ತು ದಿನದ ಕಡಲಿಗೆ ಹನ್ನೆರಡು ದಿನದ ಸಾಮಾನು.
ಖಾಲಿ ಟ್ಯಾಂಕಿಯ ಬೋಟನ್ನು
ಯಾವ ತಾಂಡೇಲನೂ ಅಳಿವೆ ದಾಟಿಸುವುದಿಲ್ಲ.

ಈಗ ಬಾಣಂತಿ ಕೋಣೆ. ಹತ್ತೊಂಬತ್ತನೇ ದಿನ.
ಕಿಟಕಿಗೆ ಹಳೇ ಸೀರೆ ಕಟ್ಟಿದ್ದಾರೆ, ಗಾಳಿ ತಾಗಬಾರದಂತೆ.
ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಮಧ್ಯಾಹ್ನ ಅದೇ ಗಂಜಿ,
ಜೊತೆಗೆ ಒಳ್ಳೆಮೆಣಸಿನ ಸಾರು.
ನೀರು ಕೇಳಿದರೆ ಮಾಮಿ
ಒಂದು ಲೋಟ ಕುದಿಸಿ, ಆರಿಸಿ, ಅರ್ಧ ಕೊಡುತ್ತಾರೆ.
"ಹೊಟ್ಟೆ ಬರ್ತದೆ ಮಗಾ. ಮತ್ತೆ ಇಳಿಯುದಿಲ್ಲ."

ಬಾಲೆಗೆ ಇದ್ಯಾವುದೂ ಗೊತ್ತಿಲ್ಲ.
ಎರಡು ಗಂಟೆಗೆ, ಮೂರೂವರೆಗೆ, ಮತ್ತೆ ಐದಕ್ಕೆ
ಬಾಯಿ ತೆರೆದು ಬರುತ್ತಾಳೆ.
ಕುಡಿಯುತ್ತಾ ನನ್ನನ್ನೇ ನೋಡುತ್ತಾಳೆ,
ಸಾಲ ಕೊಟ್ಟವಳ ಹಾಗೆ, ಕಣ್ಣು ಮಿಟುಕಿಸದೆ.
ಎಡ ಮುಗಿಸಿ ಬಲಕ್ಕೆ ಹೊರಳುವಾಗ
ನನ್ನ ಕಿವಿಯೊಳಗೆ
ನಡುಗಡಲಲ್ಲಿ ಇಂಜಿನ್ ನಿಂತಂಥ ಒಂದು ಸದ್ದಿಲ್ಲದ್ದು.
ಗೋಡೆ ಹಿಡಿಯದೆ ಏಳಲಾಗುವುದಿಲ್ಲ.

ಗುರುವಾರ ಆಶಾ ಕಾರ್ಯಕರ್ತೆ ವಾರಿಜಕ್ಕ ಬಂದರು,
ತೂಕದ ಜೋಳಿಗೆ ಹೆಗಲಿಗೆ ಹಾಕಿಕೊಂಡು.
ಬಾಲೆ ಏರಿದ್ದಾಳೆ. ನಾನು ಇಳಿದಿದ್ದೇನೆ.
"ನಿಮಗೆ ದಿನಕ್ಕೆ ಆರುನೂರು ಕ್ಯಾಲರಿ ಜಾಸ್ತಿ ಬೇಕು."
ಮಾಮಿ ಬಾಗಿಲಲ್ಲೇ ನಿಂತು:
"ಅದು ಎಲ್ಲಿ ಸಿಗ್ತದೆ? ಮೆಡಿಕಲ್ಲಲ್ಲಾ?"
ನನಗೆ ನಗು ಬಂತು, ಹೊಲಿಗೆ ಎಳೆಯಿತು.

ವಾರಿಜಕ್ಕ ನಗಲಿಲ್ಲ.
ನೇರ ಅಡಿಗೆಮನೆಗೆ ಹೋಗಿ
ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದರು:
ಹುರುಳಿ, ಮೆಂತೆ, ಎಳ್ಳು, ಓಲೆಬೆಲ್ಲ.
ಹಿಂದಿನ ಬಾಗಿಲು ತೆರೆದು ನುಗ್ಗೆಮರಕ್ಕೆ ಬೆರಳು ತೋರಿಸಿದರು.
ಮೊಟ್ಟೆ. ಹಾಲು. ಊಟದ ನಡುವೆ ಇನ್ನೊಂದು ಊಟ.
ನೀರು ಬಾಯಾರಿದಷ್ಟು, ಕೈಗೆಟಕುವಲ್ಲಿ ಒಂದು ಚೊಂಬು ಯಾವಾಗಲೂ.
"ಮತ್ತೆ ಮೀನು. ನಿಮ್ಮ ಮನೆಗೆ ನಾನು ಮೀನು ಹೇಳಿಕೊಡಬೇಕಾ?"

ಸಂಜೆ ಬೋಟು ಬಂತು. ಇವರು ತಂದದ್ದು
ಕೈಯುದ್ದದ ಬಂಗುಡೆ, ಕಣ್ಣು ಇನ್ನೂ ಹೊಳೆಯುವಂಥದ್ದು.
"ಬಂಗುಡೆ ನಂಜು," ಎಂದರು ಮಾಮಿ,
"ತಾಟೆ ಸಿಕ್ಕಿದ್ರೆ ನೋಡುವ."
ತಾಟೆ ಈ ವಾರ ಸಿಕ್ಕಿಲ್ಲ, ಹೋದ ವಾರವೂ.

ನಮ್ಮಲ್ಲಿ ನಡು ತುಂಡು ಕಡಲಿಗೆ ಹೋದವರಿಗೆ,
ತಲೆ ಮನೆಗೆ ಹಿರಿಯರಿಗೆ,
ಬಾಲ, ಬೇಯಿಸಿದವಳಿಗೆ.
ಯಾರೂ ಮಾಡಿದ ಕಾನೂನಲ್ಲ. ಸೌಟಿಗೇ ಗೊತ್ತು.

ರಾತ್ರಿ ಅಂಗಾಲಿಗೆ ಎಣ್ಣೆ ಉಜ್ಜುವಾಗ ಕೇಳಿದೆ:
"ಮಾಮಿ, ನಿಮಗೆ ಆಗ ಏನು ಕೊಟ್ಟಿದ್ದರು?"
ಕೈ ನಿಲ್ಲಲಿಲ್ಲ.
"ಗಂಜಿತಿಳಿ. ನಲವತ್ತು ದಿನ.
ದೊಡ್ಡವನಿಗೆ ಹಾಲು ಸಾಲಲಿಲ್ಲ.
ಕಿದಿಯೂರಿಂದ ಆಡಿನ ಹಾಲು ತಂದ್ರು ನಿನ್ನ ಮಾವ.
ಇವಳ ಮೊಲೆಯಲ್ಲಿ ಸತ್ವ ಇಲ್ಲ ಅಂದ್ರು ಅತ್ತೆ.
ಹೌದಾಗಿರ್ಬೇಕು ಅಂದ್ಕೊಂಡೆ."
ಇನ್ನೊಂದು ಪಾದ ಎತ್ತಿಕೊಂಡರು.
"ಮೂವತ್ತೆಂಟು ವರ್ಷ ಆಯ್ತು."

ಮರುದಿನ ಮಧ್ಯಾಹ್ನ ಬಟ್ಟಲು ಬಂತು.
ಗಂಜಿಯಲ್ಲ, ಅನ್ನ. ನುಗ್ಗೆಸೊಪ್ಪಿನ ಪಲ್ಯ.
ಖಾರ ಕಡಿಮೆ ಮಾಡಿದ ಸಾರಿನಲ್ಲಿ
ಬಂಗುಡೆಯ ನಡು ತುಂಡು, ಒಂದಲ್ಲ, ಎರಡು.
ಇಟ್ಟು, ಹೊರಗೆ ಹೋದರು. ಕಾಗೆ ಓಡಿಸುವ ಸ್ವರ ಕೇಳಿಸಿತು.
ಅಲ್ಲಿ ಕಾಗೆ ಇರಲಿಲ್ಲ.

ಹಳೇ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದೆ:
ಬಾಲೆ, ಒಂಬತ್ತು ಸಲ. ನಾನು, ಬಂಗುಡೆ ಎರಡು, ಅನ್ನ ಎರಡು ಸೌಟು.
ಅದರ ಕೆಳಗೆ ಮಾಮಿ ಎಂದು ಬರೆದು
ಮುಂದೆ ಏನು ಬರೆಯುವುದೆಂದು ತೋಚದೆ
ಪೆನ್ನಿನ ಮುಚ್ಚಳ ಹಾಕಿದೆ.

ನಡುರಾತ್ರಿ ಎರಡು ಗಂಟೆಗೆ ಬಾಲೆ ಅತ್ತಾಗ
ಮಾಮಿ ಚೊಂಬು ತುಂಬಾ ನೀರು ತಂದರು.
ನಾನು ಕುಡಿದು ಕೆಳಗಿಟ್ಟೆ.
ಅವರು ಅದನ್ನು ಎತ್ತಿಕೊಂಡು, ಕತ್ತಲೆಯಲ್ಲಿ ನಿಂತೇ,
ಉಳಿದದ್ದನ್ನೆಲ್ಲ ಗಟಗಟ ಕುಡಿದರು.